ಮುಟ್ಟು ನಿಂತ ಮೇಲೆ ಬಂದರೆ ತಡ

"ಡಾಕ್ಟ್ರೇ, ಗ್ರಹಣದ ದಿನ ಇವಳು ಹಲಸಿನಕಾಯಿ ಕೊಯ್ದಿದ್ಳು, ಅದಕ್ಕೇ ಹೀಗಾಯ್ತು."

ಹೆರಿಗೆಯಾದ ಮರುದಿನ ಅತ್ತೆ ಹೇಳಿದ ಮಾತು. ಮಗುವಿಗೆ ಸೀಳು ತುಟಿ. ಸೊಸೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾನು ತಾಯಿ ಕಾರ್ಡ್ ತೆಗೆದು ಲೆಕ್ಕ ಹಾಕಿ ತೋರಿಸಿದೆ. ಗ್ರಹಣ ಬಂದಾಗ ಅವಳಿಗೆ ಏಳು ತಿಂಗಳು. ಮಗುವಿನ ಮೇಲ್ದುಟಿ ಕೂಡಿಕೊಳ್ಳುವುದು ಗರ್ಭ ಕಟ್ಟಿದ ಆರು, ಏಳನೇ ವಾರದಲ್ಲಿ. ಅಂದರೆ ಗ್ರಹಣಕ್ಕಿಂತ ಎಷ್ಟೋ ತಿಂಗಳು ಮುಂಚೆಯೇ ಅದು ಕೂಡದೇ ಉಳಿದಿತ್ತು. ಹಲಸು ಕೊಯ್ದ ಮೆಟ್ಟುಗತ್ತಿಗೂ ಇದಕ್ಕೂ ಸಂಬಂಧವೇ ಇಲ್ಲ. ಸೀಳು ತುಟಿಗೆ ಇದೇ ಕಾರಣ ಅಂತ ಒಂದನ್ನೇ ಬೆರಳಿಟ್ಟು ತೋರಿಸಲು ಹೆಚ್ಚಿನ ಸಲ ಆಗುವುದಿಲ್ಲ, ತಾಯಿಯ ತಪ್ಪಂತೂ ಖಂಡಿತ ಅಲ್ಲ. ತುಟಿಯನ್ನು ಕೆಲವೇ ತಿಂಗಳಲ್ಲಿ ಆಪರೇಷನ್ ಮಾಡಿ ಸರಿಪಡಿಸಬಹುದು.

ಶಿರಸಿ ಸುತ್ತಮುತ್ತಲಿನವರಿಗೆ ನಾನು ಬೇರೆಯೇ ಒಂದು ವಿಷಯ ಹೇಳಬೇಕು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ನೋಡಿದ್ದೀರಲ್ಲ, ಬಿಸಿಲಿಗೆ ಒಣಗುತ್ತಾ ಅದರ ಎರಡೂ ಅಂಚು ಮೇಲೆದ್ದು ಒಳಗೆ ಮುದುರಿಕೊಳ್ಳುತ್ತವೆ. ಮಗುವಿನ ಮೆದುಳು, ಬೆನ್ನುಹುರಿ ಶುರುವಾಗುವುದೂ ಹಾಗೇ. ಮೂರನೇ ವಾರದಲ್ಲಿ ಒಂದು ಚಪ್ಪಟೆ ಪದರ. ಅದರ ಅಂಚುಗಳು ಎದ್ದು, ಒಂದಕ್ಕೊಂದು ಕೂಡಿ, ಕೊಳವೆಯಾಗುತ್ತದೆ. 28ನೇ ದಿನದ ಹೊತ್ತಿಗೆ ಎರಡೂ ತುದಿ ಮುಚ್ಚಿರಬೇಕು. ಬೆನ್ನಿನ ಕಡೆ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ, ಎಷ್ಟೋ ಮಕ್ಕಳಿಗೆ ಕಾಲಲ್ಲಿ ಬಲ ಇರುವುದಿಲ್ಲ, ಮೂತ್ರದ ಹಿಡಿತ ಇರುವುದಿಲ್ಲ. ತಲೆ ಕಡೆ ತೆರೆದೇ ಉಳಿದರೆ ಮಗು ಬದುಕುವುದಿಲ್ಲ.

ಈಗ ನೀವೇ ಲೆಕ್ಕ ಹಾಕಿ. ಗರ್ಭ ಕಟ್ಟಿ ಸುಮಾರು 14 ದಿನಕ್ಕೆ ಮುಟ್ಟು ಬರಬೇಕಿತ್ತು, ಬರಲಿಲ್ಲ. ಗದ್ದೆ ಕೆಲಸ ಜಾಸ್ತಿಯಾಗಿ ತಡವಾಗಿರಬೇಕು ಅಂತ ಒಂದು ವಾರ ಸುಮ್ನೆ ಕಾಯುತ್ತಾರೆ, ಪೇಟೆಯಿಂದ ಕಿಟ್ ತರಿಸಿ ನೋಡುವಷ್ಟರಲ್ಲಿ ಇನ್ನೊಂದು ವಾರ. ಅಲ್ಲಿಗೆ 28 ಆಯಿತು, ಅಲ್ವಾ? ನನ್ನ ಹತ್ತಿರ ಹೆಚ್ಚಿನವರು ಬರುವುದು ಎರಡು ತಿಂಗಳು ತುಂಬಿದ ಮೇಲೆ. ಕೊಳವೆ ಸರಿಯಾಗಿ ಮುಚ್ಚಲು ನೆರವಾಗುವುದು ಫೋಲಿಕ್ ಆಸಿಡ್ ಎಂಬ ಬಿ ವಿಟಮಿನ್. ಆದರೆ ಅಷ್ಟು ತಡವಾಗಿ ನಾನು ಬರೆದುಕೊಡುವ ಅದರ ಮಾತ್ರೆ ಈ ಕೆಲಸಕ್ಕೆ ಬರುವುದಿಲ್ಲ. ಇದು ನನಗೆ ತುಂಬಾ ಸಂಕಟದ ವಿಷಯ, ಯಾಕೆಂದರೆ ಮಾತ್ರೆ ದುಬಾರಿಯೇನಲ್ಲ.

ಗರ್ಭ ನಿಲ್ಲುವ ಒಂದು ತಿಂಗಳಾದರೂ ಮುಂಚೆ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಿ, ಮೂರು ತಿಂಗಳು ತುಂಬುವವರೆಗೆ ಬಿಡಬೇಡಿ. ಹಿಂದಿನ ಮಗುವಿಗೆ ಕೊಳವೆ ಮುಚ್ಚದ ಈ ತೊಂದರೆ ಆಗಿದ್ದರೆ ಪ್ರಮಾಣ ಸುಮಾರು ಹತ್ತು ಪಟ್ಟು ಬೇಕು, ಅದನ್ನು ಡಾಕ್ಟರೇ ಬರೆದುಕೊಡಬೇಕು. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಅಂಥ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ತೊಂದರೆ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು. "ದಿನಾ ಹರಿವೆ, ಬಸಳೆ ತಿಂತೇನಲ್ಲ" ಅನ್ನುತ್ತಾರೆ. ತಿನ್ನಿ, ಚಲೋದೇ. ಆದರೆ ಸೊಪ್ಪಿನಲ್ಲಿ ಇದೇ ವಿಟಮಿನ್ ಫೋಲೇಟ್ ರೂಪದಲ್ಲಿರುತ್ತದೆ, ಬೇಯಿಸುವಾಗ ಅದು ಸಾಕಷ್ಟು ಹಾಳಾಗುತ್ತದೆ, ಮಾತ್ರೆಯ ಬದಲಿಗೆ ಅದು ಸಾಲುವುದಿಲ್ಲ.

ಸಕ್ಕರೆ ಕಾಯಿಲೆ ಇದ್ದವರು ಮೊದಲು ಅದನ್ನು ಹತೋಟಿಗೆ ತನ್ನಿ. ಫಿಟ್ಸ್‌ಗೆ ಮಾತ್ರೆ ತಗೊಳ್ಳುವವರು, ಅದರಲ್ಲೂ ವ್ಯಾಲ್ಪ್ರೊಯೇಟ್ ತಗೊಳ್ಳುವವರು, ಮಗು ಬೇಕು ಅಂದುಕೊಂಡ ಕೂಡಲೇ ಬಂದು ಮಾತಾಡಿ. ಆ ಮಾತ್ರೆಯಿಂದಲೂ ಈ ತೊಂದರೆಯ ಅಪಾಯ ಹೆಚ್ಚು. ನೀವಾಗಿಯೇ ನಿಲ್ಲಿಸಬೇಡಿ, ಫಿಟ್ಸ್ ಮತ್ತೆ ಬರಬಹುದು. ನಿಧಾನಕ್ಕೆ ಬದಲಾಯಿಸಲು ನಮಗೆ ಕೆಲವು ತಿಂಗಳು ಬೇಕಾಗುತ್ತದೆ.