ಚಳಿಗೆ ಹಿಡ್ಕೊಂಡಿದ್ದಲ್ಲ ಸರ್, ಓಟಕ್ಕೆ ಹಿಡ್ಕೊಂಡಿದ್ದು

ಡಿಸೆಂಬರ್ ಎರಡನೇ ವಾರ ಬಂತೆಂದರೆ ನನ್ನ ಕ್ಲಿನಿಕ್‌ಗೆ ಓಟಗಾರರು ಬರತೊಡಗುತ್ತಾರೆ. ಒಬ್ಬರು ಹಿಮ್ಮಡಿ ಊರದೆ ಕುಂಟುತ್ತಾ, ಇನ್ನೊಬ್ಬರು ಮೀನಖಂಡ ಒತ್ತಿಕೊಳ್ಳುತ್ತಾ. ಬಾಯಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. "ಏನಿಲ್ಲ ಮೇಡಂ, ಚಳಿಗೆ ಹಿಡ್ಕೊಂಡಿದೆ ಅಷ್ಟೆ. ಭಾನುವಾರ ಲಾಂಗ್ ರನ್ ಇದೆ, ಅಷ್ಟರೊಳಗೆ ಸರಿ ಮಾಡ್ಕೊಡಿ."

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ನಮ್ಮ ಕಡೆಯ ರನ್ನಿಂಗ್ ಕ್ಲಬ್‌ನಲ್ಲಿ ಓಡುವವಳೂ ಹೌದು. ಬೆಳಿಗ್ಗೆ ಯಾರ ಪಕ್ಕದಲ್ಲಿ ಓಡಿರುತ್ತೇನೋ ಸಂಜೆ ಅವರ ಕಾಲನ್ನೇ ನೋಡುತ್ತೇನೆ. ಹಾಗಾಗಿ ಆ ಕಾಲು ಹಿಂದಿನ ನಾಲ್ಕು ವಾರ ಏನೇನು ಮಾಡಿದೆ ಅಂತ ನನಗೆ ಗೊತ್ತಿರುತ್ತದೆ. ಅದರಲ್ಲಿ ಚಳಿಯ ತಪ್ಪು ತೀರಾ ಕಡಿಮೆ. ಮೈಸೂರಿನ ಚಳಿ ಅಂದರೆ ಎಷ್ಟಿದ್ದೀತು? ಬೆಳಗಿನ ಜಾವ 15, 16 ಡಿಗ್ರಿ. ದೂರದ ಓಟಕ್ಕೆ ಅದಕ್ಕಿಂತ ಹಿತವಾದ ಹವೆ ನಮ್ಮಲ್ಲಿ ವರ್ಷದ ಬೇರೆ ಯಾವ ತಿಂಗಳಲ್ಲೂ ಸಿಗುವುದಿಲ್ಲ. ಆ ಹಿತದಲ್ಲಿ ನಾವು ಜಾಸ್ತಿ ಓಡಿಬಿಡುತ್ತೇವೆ. ನೋವು ಬರುವುದು ಅಲ್ಲಿಂದ.

ಏಪ್ರಿಲ್‌ನಲ್ಲಿ ಓಡುವಾಗ ಹೃದಯಕ್ಕೆ ಎರಡು ಕೆಲಸ. ಕಾಲಿನ ಸ್ನಾಯುಗಳಿಗೆ ರಕ್ತ ಕಳಿಸಬೇಕು, ಮೈ ತಣಿಸಲು ಚರ್ಮಕ್ಕೂ ಕಳಿಸಬೇಕು. ಡಿಸೆಂಬರ್‌ನಲ್ಲಿ ಎರಡನೇ ಕೆಲಸದ ಹೊರೆ ಬಹಳ ಇಳಿಯುತ್ತದೆ. ಅದೇ ವೇಗಕ್ಕೆ ನಾಡಿಬಡಿತ ಕಡಿಮೆ, ಉಸಿರು ಸಲೀಸು. ಬೇಸಿಗೆಯಲ್ಲಿ ಕಿಲೋಮೀಟರಿಗೆ 7 ನಿಮಿಷ ತೆಗೆದುಕೊಳ್ಳುತ್ತಿದ್ದವರು ಈಗ ಆರೂವರೆಗೆ ಓಡುತ್ತಾರೆ, ಆಯಾಸ ಮಾತ್ರ ಅಷ್ಟೇ. "ಫಿಟ್ ಆಗಿಬಿಟ್ಟೆ" ಅನ್ನಿಸುತ್ತದೆ. ಭಾನುವಾರದ 14 ಕಿಲೋಮೀಟರ್ ನೋಡನೋಡುತ್ತಲೇ 18 ಆಗುತ್ತದೆ, ಮುಂದಿನ ವಾರ 22. ವಾಚಿನಲ್ಲಿ ಎಲ್ಲ ಅಂಕಿಯೂ ಹಸಿರು. ಯಾರಿಗೆ ತಾನೆ ಖುಷಿಯಾಗುವುದಿಲ್ಲ?

ಆದರೆ ಮೈಯೊಳಗೆ ಎಲ್ಲವೂ ಒಂದೇ ಹದದಲ್ಲಿ ಬೆಳೆಯುವುದಿಲ್ಲ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಸ್ನಾಯುವೂ ಪರವಾಗಿಲ್ಲ. ಮೂಳೆಗೆ, ಟೆಂಡನ್‌ಗೆ ತಿಂಗಳುಗಟ್ಟಲೆ ಬೇಕು. ನಿಮ್ಮ ಹಿಮ್ಮಡಿಯ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಹಗ್ಗದಂತೆ ಗಟ್ಟಿಯಾಗಿ ಸಿಗುತ್ತದಲ್ಲ, ಅದೇ ಅಕಿಲಿಸ್ ಟೆಂಡನ್. ನಮ್ಮ ಜನ ನರ ಅನ್ನುತ್ತಾರೆ. ಅದು ನರ ಅಲ್ಲ, ಮೀನಖಂಡವನ್ನು ಹಿಮ್ಮಡಿಗೆ ಬಿಗಿದ ಕಟ್ಟು. ಓಡುವಾಗ ಒಂದೊಂದು ಹೆಜ್ಜೆಗೂ ಅದರ ಮೇಲೆ ದೇಹದ ತೂಕದ ಆರೇಳು ಪಟ್ಟು ಎಳೆತ ಬೀಳುತ್ತದೆ. ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ ಸಾವಿರ ಹೆಜ್ಜೆ. ಅಷ್ಟು ದುಡಿಯುವ ಈ ಹಗ್ಗದ ನಡುಭಾಗಕ್ಕೆ ರಕ್ತ ಸಂಚಾರ ಕಡಿಮೆ. ಅದಕ್ಕೇ ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಕೆಟ್ಟರೆ ಇನ್ನೂ ನಿಧಾನವಾಗಿ ರಿಪೇರಿಯಾಗುತ್ತದೆ. ನವೆಂಬರ್ ಮೊದಲ ವಾರದಿಂದ ಲೆಕ್ಕ ಹಾಕಿ. ಉಸಿರು ಹೊಸ ವೇಗಕ್ಕೆ ಒಗ್ಗಿ, ಟೆಂಡನ್ ಇನ್ನೂ ಒಗ್ಗದೆ ಉಳಿದಿರುವ ಹೊತ್ತು ಯಾವುದು? ಡಿಸೆಂಬರ್ ಎರಡನೇ ವಾರ.

ಕ್ಲಬ್‌ನಲ್ಲಿ ಓಡುವುದರಿಂದ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ನಾವು ಮಂಗಳವಾರ ಮಾನಸಗಂಗೋತ್ರಿ ಕಡೆ ಸ್ಪೀಡ್ ಮಾಡುತ್ತೇವೆ. ಗುರುವಾರ ಬೆಟ್ಟ, ಶನಿವಾರ ಕುಕ್ಕರಹಳ್ಳಿ ಕೆರೆ ಸುತ್ತ ಸುಲಭದ ಓಟ, ಭಾನುವಾರ ಲಾಂಗ್ ರನ್. ಪಟ್ಟಿ ಚೆನ್ನಾಗಿಯೇ ಇದೆ. ಆದರೆ ಕೆರೆ ಏರಿಯ ಮೇಲೆ ಶನಿವಾರ ಏನಾಗುತ್ತದೆ ನೋಡಿ. ಮುಂದೆ ಇಬ್ಬರು ಸ್ವಲ್ಪ ಜೋರು ಹಾಕುತ್ತಾರೆ. ಹಿಂದಿನವರು ಬಿಟ್ಟುಕೊಡುವುದಿಲ್ಲ. ಸುಲಭದ ಓಟ ಮೂರನೇ ಕಿಲೋಮೀಟರಿಗೆ ರೇಸ್ ಆಗಿರುತ್ತದೆ. ನೀರಿನಲ್ಲಿ ಪೆಲಿಕನ್ ತೇಲುತ್ತಿರುತ್ತವೆ, ಒಬ್ಬರೂ ತಿರುಗಿ ನೋಡುವುದಿಲ್ಲ. ನನಗೆ ನಿಜವಾಗಿ ಬೇಸರವಾಗುವುದು ಅಲ್ಲಿ.

ಹಾಗಾಗಿ ನಾವೊಂದು ನಿಯಮ ಮಾಡಿಕೊಂಡಿದ್ದೇವೆ. ಶನಿವಾರ ಮಾತಾಡುತ್ತಾ ಓಡಬೇಕು. ಹೂಂ, ಹಾಂ ಅಲ್ಲ, ಪೂರ್ತಿ ವಾಕ್ಯ. ಮನೆಯಲ್ಲಿ ನಿನ್ನೆ ಅವರೆಕಾಳಿನಲ್ಲಿ ಏನು ಮಾಡಿದ್ದರು ಅಂತ ಒಂದೇ ಉಸಿರಿಗೆ ಹೇಳಲು ಆಗದಿದ್ದರೆ ವೇಗ ಜಾಸ್ತಿಯಾಗಿದೆ ಅಂತಲೇ ಅರ್ಥ. "ಇಷ್ಟು ನಿಧಾನ ಓಡಿದರೆ ಏನು ಪ್ರಯೋಜನ?" ಅಂತ ಹೊಸಬರು ಕೇಳುತ್ತಾರೆ. ಅವರಿಗೆ ನಾನು ಕೀನ್ಯಾದ ಎಲಿಯುಡ್ ಕಿಪ್ಚೋಗೆ ಅವರ ಉದಾಹರಣೆ ಕೊಡುತ್ತೇನೆ. 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದವರು. ಕಿಲೋಮೀಟರಿಗೆ ಮೂರು ನಿಮಿಷವೂ ಇಲ್ಲ. ಅಂಥವರೂ ಸುಲಭದ ದಿನಗಳಲ್ಲಿ ಬಹಳ ಮೆಲ್ಲಗೆ ಓಟ ಶುರು ಮಾಡುತ್ತಾರೆ. ಮೆಲ್ಲಗೆ ಓಡಿದ ದಿನವೇ ಟೆಂಡನ್‌ಗೆ ಸುಧಾರಿಸಿಕೊಳ್ಳಲು ಬಿಡುವು ಸಿಗುವುದು.

ಚಳಿಯ ಪಾತ್ರ ಏನೂ ಇಲ್ಲ ಅಂತಲ್ಲ. ಜನವರಿಯಲ್ಲಿ ನಮಗೆ ಸೂರ್ಯ ಮೂಡುವುದು ಆರೂಮುಕ್ಕಾಲರ ಹೊತ್ತಿಗೆ. ನಾವು ಸೇರುವುದು ಐದೂವರೆಗೆ, ಹಾಸಿಗೆ ಬಿಟ್ಟು ಅರ್ಧ ಗಂಟೆಯೂ ಆಗಿರುವುದಿಲ್ಲ. ಮೈ ಮರಗಟ್ಟಿರುತ್ತದೆ. ಆಗ ನಿಂತಲ್ಲೇ ಬಗ್ಗಿ ಕಾಲ್ಬೆರಳು ಹಿಡಿದು ಎಳೆಯುವುದು ವಾರ್ಮ್ ಅಪ್ ಅಲ್ಲ. ತಣ್ಣಗಿರುವ ಸ್ನಾಯುವನ್ನು ಹಾಗೆ ಎಳೆದು ಹಿಡಿದರೆ ಲಾಭವಿಲ್ಲ. ಐದು ನಿಮಿಷ ಬಿರುಸಾಗಿ ನಡೆಯಿರಿ. ಕಾಲು ಹಿಂದೆ ಮುಂದೆ ಬೀಸಿ, ಹತ್ತು ಸಲ ಕುಕ್ಕರಗಾಲಲ್ಲಿ ಕೂತು ಏಳಿ, ಹಿಮ್ಮಡಿ ಎತ್ತಿ ಇಳಿಸಿ. ಮೊದಲ ಕಿಲೋಮೀಟರ್ ನಿಮಗೇ ನಾಚಿಕೆಯಾಗುವಷ್ಟು ನಿಧಾನ ಇರಲಿ. ಜಾಕೆಟ್ ಬಿಚ್ಚುವುದು ಮೈ ಬಿಸಿಯಾದ ಮೇಲೆ. ಓಟ ಮುಗಿದ ಕೂಡಲೇ ಮತ್ತೆ ಹಾಕಿಕೊಳ್ಳಿ. ಬೆವರಿನ ಬಟ್ಟೆಯಲ್ಲೇ ಅರ್ಧ ಗಂಟೆ ಹರಟುತ್ತಾ ನಿಲ್ಲುವ ಅಭ್ಯಾಸ ನಮ್ಮಲ್ಲಿ ಜಾಸ್ತಿ.

ಇನ್ನು ಗುರುವಾರದ ಬೆಟ್ಟ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಮೈಸೂರಿನ ಓಟಗಾರರಿಗೆ ಸಿಕ್ಕ ಭಾಗ್ಯ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಭಕ್ತರಿಗಾಗಿ ಕಟ್ಟಿಸಿದ ಹಾದಿ. ಹತ್ತುವುದರಿಂದ ಸಾಮಾನ್ಯವಾಗಿ ಯಾರಿಗೂ ಏನೂ ಆಗುವುದಿಲ್ಲ. ಏದುಸಿರು ಬಂದರೆ ತಾನಾಗಿಯೇ ನಿಲ್ಲುತ್ತಾರೆ, ನಂದಿಯ ಹತ್ತಿರ ಕೂತು ನೀರು ಕುಡಿಯುತ್ತಾರೆ. ಅಪಾಯ ಇರುವುದು ಇಳಿಯುವಾಗ. ಇಳಿಯುವಾಗ ಉಸಿರಿಗೆ ಕಷ್ಟವಿಲ್ಲ, ಅದಕ್ಕೇ ಜನ ಓಡುತ್ತಾ ಇಳಿಯುತ್ತಾರೆ. ಆಗ ತೊಡೆಯ ಮುಂಭಾಗದ ಸ್ನಾಯು ಎಳೆದುಕೊಳ್ಳುತ್ತಲೇ ಬ್ರೇಕ್ ಹಾಕಬೇಕು. ಸ್ನಾಯುವಿನ ಎಳೆಗಳಿಗೆ ಅತಿ ಹೆಚ್ಚು ಪೆಟ್ಟು ಬೀಳುವ ಕೆಲಸ ಅದು. ಗುರುವಾರ ಇಳಿದದ್ದು ಶುಕ್ರವಾರ, ಶನಿವಾರ ಹಿಡಿದುಕೊಳ್ಳುತ್ತದೆ. ಆ ಹಿಡಿದ ಕಾಲಲ್ಲೇ ಭಾನುವಾರ 20 ಕಿಲೋಮೀಟರ್ ಓಡಿದರೆ ಮೊಣಕಾಲು ತಡೆಯುವುದಿಲ್ಲ. ಮೇಲಾಗಿ ಆ ಮೆಟ್ಟಿಲುಗಳು ಒಂದರಂತೆ ಒಂದಿಲ್ಲ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿರುತ್ತಾರೆ, ಅದರ ಮೇಲೆ ಇಬ್ಬನಿ ಬಿದ್ದರೆ ಜಾರುತ್ತದೆ. ನಮ್ಮ ಕ್ಲಬ್‌ನಲ್ಲಿ ಹತ್ತುವುದು ಮೆಟ್ಟಿಲಲ್ಲಿ, ಇಳಿಯುವುದು ರಸ್ತೆಯಲ್ಲಿ ನಡೆದು. ತಡವಾದರೆ ಬಸ್ಸಿನಲ್ಲಿ. ಬಸ್ಸು ಹತ್ತಿದರೆ ಮರ್ಯಾದೆ ಹೋಯಿತು ಅಂತ ಯಾರೂ ಅಂದುಕೊಳ್ಳಬೇಕಿಲ್ಲ.

ಧನುರ್ಮಾಸದಲ್ಲಿ ಗುಡಿಗಳು ಇನ್ನೂ ಕತ್ತಲಿರುವಾಗಲೇ ತೆರೆದಿರುತ್ತವೆ. ಓಟ ಮುಗಿಸಿ ಬರುವಾಗ ದೊನ್ನೆಯಲ್ಲಿ ಬಿಸಿ ಹುಗ್ಗಿ ಸಿಕ್ಕರೆ ದಯವಿಟ್ಟು ಬೇಡ ಅನ್ನಬೇಡಿ. ಅಕ್ಕಿ, ಹೆಸರುಬೇಳೆ, ತುಪ್ಪ, ಮೆಣಸು. ಖಾಲಿಯಾದ ಸ್ನಾಯುವಿಗೆ ಬೇಕಾದ ಪಿಷ್ಟವೂ ಪ್ರೋಟೀನೂ ಅದರಲ್ಲೇ ಇದೆ. ಡಬ್ಬಿ ಪುಡಿಗೆ ದುಡ್ಡು ಸುರಿಯುವವರಿಗೆ ನಾನು ಇದನ್ನು ಎಷ್ಟು ಸಲ ಹೇಳಿದ್ದೇನೋ.

ಉಸಿರಿನ ವಿಷಯ ಸ್ವಲ್ಪ ಗಮನವಿಟ್ಟು ಓದಿ. ತಣ್ಣನೆಯ ಒಣ ಗಾಳಿ ಕೆಲವರ ಶ್ವಾಸನಾಳವನ್ನು ಕಿರಿದು ಮಾಡುತ್ತದೆ. ಓಟ ನಿಲ್ಲಿಸಿದ ಹತ್ತು ನಿಮಿಷದೊಳಗೆ ಕೆಮ್ಮು, ಎದೆ ಬಿಗಿತ, ಸುಯ್‌ ಅನ್ನುವ ಸದ್ದು ಬಂದರೆ ಅದು ನೆಗಡಿಯಲ್ಲ, ವೈದ್ಯರಿಗೆ ತೋರಿಸಿ. ಬಾಯಿ ಮೂಗಿಗೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡರೆ ಗಾಳಿ ಒಳಹೋಗುವಷ್ಟರಲ್ಲಿ ಬೆಚ್ಚಗಾಗುತ್ತದೆ. ಇನ್ನೊಂದು ಕಾಟ ಹೊಗೆಯದು. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬಿಸಿ ಗಾಳಿ. ಮುಚ್ಚಳ ಹಾಕಿದ ಹಾಗೆ. ಬೀದಿ ಬದಿ ಒಣ ಎಲೆ, ಕಸ ಸುಟ್ಟ ಹೊಗೆ ಮೇಲೇರದೆ ನಮ್ಮ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ಜೋರು ಓಡುವವರು ಅದನ್ನು ಮಾಮೂಲಿಗಿಂತ ಎಷ್ಟೋ ಪಟ್ಟು ಒಳಗೆಳೆದುಕೊಳ್ಳುತ್ತಾರೆ. ಹೊಗೆ ಕಂಡ ಬೀದಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಿರಿ. ನಲವತ್ತು ದಾಟಿದವರಿಗೆ, ಬಿಪಿ ಇರುವವರಿಗೆ ಒಂದು ಮಾತು. ಚಳಿಯಲ್ಲಿ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಎದೆ ಹಿಂಡಿದಂತಾದರೆ, ನೋವು ಎಡಗೈಗೋ ದವಡೆಗೋ ಹರಿದರೆ ಗ್ಯಾಸ್ ಅಂತ ಸುಮ್ನೆ ಇರಬೇಡಿ. ಅಲ್ಲೇ ನಿಂತು ಪಕ್ಕದವರಿಗೆ ಹೇಳಿ, ನೇರ ಆಸ್ಪತ್ರೆಗೆ ಹೋಗಿ.

ನೀರು ಎಲ್ಲರೂ ಮರೆಯುತ್ತಾರೆ. ಚಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಕಾಣುವ ಮೊದಲೇ ಆರುತ್ತದೆ. ಲಾಂಗ್ ರನ್‌ಗೆ ಮೊದಲು, ಆಮೇಲೆ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಅಂತ.

ನಮ್ಮವರಲ್ಲಿ ಸುಮಾರು ಜನ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿರುತ್ತಾರೆ. 2004ರಲ್ಲಿ ಶುರುವಾದದ್ದು, ಜನವರಿ ಮೂರನೇ ಭಾನುವಾರ ನಡೆಯುತ್ತದೆ. ಮೈಸೂರಿನ ಒಣ ತಂಪಿನಲ್ಲಿ ಪಳಗಿದ ಮೈಗೆ ಮುಂಬೈ ಕಡಲ ತೇವ ಹೊಸದು. ಅಲ್ಲಿ ಬೆವರು ಆರುವುದೇ ಇಲ್ಲ, ಮೈ ತಣಿಯುವುದೂ ಇಲ್ಲ. ಫುಲ್ ಮ್ಯಾರಥಾನ್ ಓಡುವವರಿಗೆ, ಹೋಗುವಾಗ ದಾಟಿದ ಪೆಡ್ಡರ್ ರೋಡಿನ ಏರು ಮತ್ತೆ ಎದುರಾಗುವುದು ಕಾಲು ಸೋತ ಮೇಲೆ, ಬಿಸಿಲು ಏರಿದ ಮೇಲೆ. ಮೈ ಬಿಸಿಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಹಾಗಾಗಿ ಕೊನೆಯ ಎರಡು ವಾರ ಕೆಲವು ಸಣ್ಣ ಓಟಗಳನ್ನು ಬೆಳಿಗ್ಗೆ ಐದೂವರೆಯ ಬದಲು ಒಂಬತ್ತು ಗಂಟೆ ಬಿಸಿಲಿಗೆ ಇಡುತ್ತೇವೆ. ಮೈಸೂರಿನ ಡಿಸೆಂಬರ್ ವೇಗವನ್ನು ಮುಂಬೈಗೆ ಹೊತ್ತೊಯ್ಯಬೇಡಿ ಅಂತಲೂ ಹೇಳುತ್ತೇವೆ. ಸಂಕ್ರಾಂತಿ ಸಾಮಾನ್ಯವಾಗಿ ಆ ಭಾನುವಾರದ ಹಿಂದಿನ ದಿನಗಳಲ್ಲೇ ಬೀಳುತ್ತದೆ. ಮನೆಮನೆಯ ಎಳ್ಳು ಬೆಲ್ಲ ತಿನ್ನಿ, ತಪ್ಪಿಲ್ಲ. ಓಟದ ಹಿಂದಿನ ದಿನ ಮಾತ್ರ ಕಡಲೆಬೀಜ, ಕೊಬ್ಬರಿ, ಅವರೆಕಾಳು ಬೇಡ. ಹೊಟ್ಟೆ ಹಗುರ ಇರಲಿ.

ಮತ್ತೆ ಆ ಹಿಮ್ಮಡಿಗೆ ಬರೋಣ. ಕೆಟ್ಟ ಟೆಂಡನ್‌ಗೆ ಬರೀ ವಿಶ್ರಾಂತಿ ಸಾಲದು, ಎಣ್ಣೆ ತಿಕ್ಕಿದರೂ ಸಾಲದು. ಅದಕ್ಕೆ ಅಳೆದು ಭಾರ ಕೊಡಬೇಕು. ಸ್ವೀಡನ್ನಿನ ಮೂಳೆ ತಜ್ಞ ಹೋಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ವ್ಯಾಯಾಮ ಇಂದಿಗೂ ಬಳಕೆಯಲ್ಲಿದೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ ನಿಲ್ಲಿ. ಎರಡೂ ಕಾಲಲ್ಲಿ ಮೇಲೇಳಿ. ನೋವಿರುವ ಒಂದೇ ಕಾಲಲ್ಲಿ ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸಿ. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸಲ, ಸ್ವಲ್ಪ ಬಗ್ಗಿಸಿ 15ರಂತೆ ಮೂರು ಸಲ. ದಿನಕ್ಕೆ ಎರಡು ಹೊತ್ತು, 12 ವಾರ. ಸುಲಭವಾದ ಮೇಲೆ ಬೆನ್ನಿನ ಬ್ಯಾಗಿಗೆ ಐದು ಕೆಜಿ ಅಕ್ಕಿ ಹಾಕಿ. ಸ್ವಲ್ಪ ನೋವು ಇದ್ದೇ ಇರುತ್ತದೆ, ಸಹಿಸುವಷ್ಟಿದ್ದರೆ ಹೆದರಬೇಡಿ. ಆದರೆ ಮೂಳೆಯ ಮೇಲೆ ಒಂದೇ ಬೆರಳಿಡುವಷ್ಟು ಜಾಗದಲ್ಲಿ ಚುರುಕ್ ಅಂದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಓಡಬೇಡಿ. ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಯಾರೋ ಹಿಂದಿನಿಂದ ಒದ್ದ ಹಾಗಾಗಿ ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲ ಅಂದರೆ ಟೆಂಡನ್ ಹರಿದಿರುವ ಸಂಭವ ಹೆಚ್ಚು. ಅದೇ ದಿನ ತೋರಿಸಬೇಕು.

ಓಡಬೇಕೋ ಬಿಡಬೇಕೋ ಅಂತ ತಿಳಿಯಲು ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಒಂದೇ. ಬೆಳಿಗ್ಗೆ ಹಾಸಿಗೆಯಿಂದ ಬಚ್ಚಲಮನೆಗೆ ಹೋಗುವ ಮೊದಲ ಹತ್ತು ಹೆಜ್ಜೆ. ನಿನ್ನೆಗಿಂತ ಇವತ್ತು ಹಿಡಿತ ಜಾಸ್ತಿ ಇದ್ದರೆ ನಿನ್ನೆಯ ಓಟ ಜಾಸ್ತಿಯಾಗಿದೆ. ಓಡುವಾಗ ನೋವಿರಲಿಲ್ಲ ಅನ್ನುವುದು ಲೆಕ್ಕಕ್ಕಿಲ್ಲ. ಮೈ ಬಿಸಿಯಾದಾಗ ಟೆಂಡನ್ ನೋವು ಅಡಗುತ್ತದೆ, ಬಿಲ್ಲು ಬರುವುದು ಮರುದಿನ.

ಹೋದ ಚಳಿಗಾಲ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಸದಸ್ಯರೊಬ್ಬರು ಇದೇ "ಚಳಿಗೆ ಹಿಡ್ಕೊಂಡಿದೆ" ಹಿಡಿದು ಬಂದರು. ಆ ಹತ್ತು ಹೆಜ್ಜೆ ಅವರಿಗೆ ಗೋಡೆ ಹಿಡಿದು ಹೋಗುವಂತಾಗಿತ್ತು. ಮುಂಬೈಗೆ ಟಿಕೆಟ್, ರೂಮು ಎಲ್ಲ ಆಗಿತ್ತು. "ಈ ಸಲ ಬೇಡ ಸರ್" ಅಂದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಒಪ್ಪಿದರು. ಜನವರಿಯ ಭಾನುವಾರಗಳಲ್ಲಿ ಲಲಿತಮಹಲ್ ರಸ್ತೆಯಲ್ಲಿ ಸೈಕಲ್ ಮೇಲೆ ನಮಗೆ ನೀರು, ಬಾಳೆಹಣ್ಣು ತಂದುಕೊಟ್ಟರು. ಮನೆಯ ಹಿಂದಿನ ಮೆಟ್ಟಿಲ ಮೇಲೆ ದಿನಾ ಎರಡು ಹೊತ್ತು ಹಿಮ್ಮಡಿ ಇಳಿಸಿದರು, ಒಂದು ದಿನವೂ ತಪ್ಪಿಸಲಿಲ್ಲ. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ, ಇನ್ನೂ ಐದು ಗಂಟೆ ಇರಬೇಕು, ಅವರ ಮೆಸೇಜ್ ಬಂತು. "ಮೇಡಂ, ಇವತ್ತು ಬಚ್ಚಲಿಗೆ ಹೋಗಿ ಬಂದು ಹಲ್ಲುಜ್ಜುವಾಗ ನೆನಪಾಯ್ತು, ಹೆಜ್ಜೆ ಎಣಿಸೋದನ್ನೇ ಮರೆತಿದ್ದೆ."