ಘಾಟಿ ಹತ್ತುವ ಪಿಕಪ್‌ಗೆ ಹೊಸ ಏರ್ ಇಂಟೇಕ್ ಬೇಕೆ?

ಕೊಡಗಿನ ತೋಟಗಳಲ್ಲಿ ಈಗ ಡೀಸೆಲ್ ಪಿಕಪ್ ಇಲ್ಲದೆ ಕೆಲಸ ಸಾಗುವುದಿಲ್ಲ. ಗೊಬ್ಬರ ಬರುವುದೂ ಅದರಲ್ಲೇ, ಕಾಫಿ ಮೂಟೆ ಹೋಗುವುದೂ ಅದರಲ್ಲೇ. ಇಂಥ ಗಾಡಿ ಇಟ್ಟುಕೊಂಡವರಿಗೆ ಆಗಾಗ ಒಂದು ಸಲಹೆ ಸಿಗುತ್ತದೆ: ಕಂಪನಿ ಕೊಟ್ಟ ಏರ್ ಫಿಲ್ಟರ್ ಪೆಟ್ಟಿಗೆ ತೆಗೆಸಿ, ಎಂಜಿನ್‌ಗೆ ಗಾಳಿ ಒಯ್ಯುವ ದಪ್ಪ ಪೈಪಿನ ಇಂಟೇಕ್ ಕಿಟ್ ಹಾಕಿಸಿ, ತುದಿಗೆ ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಕೂರಿಸಿ, ಘಾಟಿಯಲ್ಲಿ ಎಳೆತ ಹೆಚ್ಚುತ್ತದೆ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವ ಡೀಸೆಲ್ ಗಾಡಿಗೆ ಇದು ದಂಡದ ಖರ್ಚು ಎಂಬುದು ನನ್ನ ಅಭಿಪ್ರಾಯ. ಕಾರಣವನ್ನು ಮಡಿಕೇರಿಯ ಎತ್ತರದಿಂದಲೇ ಲೆಕ್ಕ ಹಾಕಬಹುದು.

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಮಡಿಕೇರಿ ಇರುವುದು ಹೆಚ್ಚುಕಡಿಮೆ 1,150 ಮೀಟರ್ ಎತ್ತರದಲ್ಲಿ. ಅಲ್ಲಿ ಅದು 88ರ ಆಸುಪಾಸಿಗೆ ಇಳಿದಿರುತ್ತದೆ. ಮಂಗಳೂರಿನಿಂದ ಸಂಪಾಜೆ ದಾಟಿ ಮೇಲೆ ಬರುವಷ್ಟರಲ್ಲಿ 13 ಕಿಲೋಪಾಸ್ಕಲ್ ಹೋಯಿತು. ಟರ್ಬೊ ಇಲ್ಲದ ಹಳೆಯ ಜೀಪುಗಳು ಈ ಘಾಟಿಯಲ್ಲಿ ಏದುಸಿರು ಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣ: ಪ್ರತಿ 100 ಮೀಟರ್ ಏರಿಗೆ ಅವುಗಳ ಶಕ್ತಿ ಸುಮಾರು ಶೇ. 1ರಷ್ಟು ಕುಗ್ಗುತ್ತದೆ.

ಇನ್ನು ಫಿಲ್ಟರ್ ಪೆಟ್ಟಿಗೆಯ ವಿಚಾರ. ಚೊಕ್ಕಟವಾದ ಪೇಪರ್ ಫಿಲ್ಟರ್ ಮತ್ತು ಅದರ ಕೊಳವೆಗಳು ಎಂಜಿನ್ ಪೂರ್ತಿ ಭಾರದಲ್ಲಿ ಗಾಳಿ ಎಳೆಯುವಾಗ 2 ಕಿಲೋಪಾಸ್ಕಲ್ ತಡೆ ಒಡ್ಡುತ್ತವೆ ಎಂದಿಟ್ಟುಕೊಳ್ಳೋಣ. ಹೊಸ ಕಿಟ್ ಅದನ್ನು ಅರ್ಧಕ್ಕೆ ಇಳಿಸಿತು ಎಂದೇ ಒಪ್ಪೋಣ. ಉಳಿತಾಯವಾದದ್ದು 1 ಕಿಲೋಪಾಸ್ಕಲ್. ಮಡಿಕೇರಿಯಿಂದ 100 ಮೀಟರ್ ಕೆಳಗಿಳಿದರೆ ಗಾಳಿಯ ಒತ್ತಡ ಹೆಚ್ಚುವುದೂ ಅಷ್ಟೇ! ಮಡಿಕೇರಿಯಿಂದ ಕುಶಾಲನಗರಕ್ಕೆ ಹೋದರೆ ಇದರ ಸುಮಾರು ಮೂರು ಪಟ್ಟು ಪುಕ್ಕಟೆಯಾಗಿ ಸಿಗುತ್ತದೆ. ಕುಶಾಲನಗರ ತಲುಪಿದ ಮೇಲೆ ಗಾಡಿಯ ಎಳೆತ ಹೆಚ್ಚಿತು ಎಂದು ಟರ್ಬೊ ಗಾಡಿ ಓಡಿಸುವ ಯಾರಾದರೂ ಹೇಳುತ್ತಾರೆಯೇ?

ಹೇಳುವುದಿಲ್ಲ. ಏಕೆಂದರೆ ಟರ್ಬೊ ಇರುವುದೇ ಈ ಕೊರತೆ ತುಂಬಲು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು: ಹೊರಬೀಳುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಹೊಸ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವುದು. ಇಂದಿನ ಗಾಡಿಗಳಲ್ಲಿ ಎಂಜಿನ್ ಒಳಹೋಗುವ ಗಾಳಿಯ ಒತ್ತಡವನ್ನು ಸೆನ್ಸರ್ ಅಳೆಯುತ್ತದೆ, ಎಷ್ಟಿರಬೇಕೆಂದು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ನಿರ್ಧರಿಸುತ್ತದೆ. ಫಿಲ್ಟರ್‌ನಲ್ಲಿ ತಡೆ ಕಡಿಮೆಯಾದರೆ ಇಸಿಯು ಟರ್ಬೊವನ್ನು ಅಷ್ಟು ಹಗುರಾಗಿ ದುಡಿಸುತ್ತದೆ. ಕೊನೆಗೆ ಸಿಲಿಂಡರ್ ಸೇರುವ ಗಾಳಿ ಮೊದಲಿನಷ್ಟೇ. ಡೀಸೆಲ್ ಎಂಜಿನ್‌ನ ಶಕ್ತಿಯನ್ನು ತೀರ್ಮಾನಿಸುವುದು ಮುಖ್ಯವಾಗಿ ಎಷ್ಟು ಡೀಸೆಲ್ ಚಿಮ್ಮಿಸಲಾಗುತ್ತದೆ ಎಂಬುದು. ಅದು ಪೈಪಿನ ದಪ್ಪ ನೋಡಿ ಬದಲಾಗುವುದಿಲ್ಲ.

ಕೆಲವು ಕಿಟ್‌ಗಳಿಂದ ನಷ್ಟವೇ ಆಗುತ್ತದೆ. ಕಂಪನಿಯ ಪೆಟ್ಟಿಗೆ ಸಾಮಾನ್ಯವಾಗಿ ಬಾನೆಟ್ ಅಂಚಿನಿಂದ ಹೊರಗಿನ ತಂಪು ಗಾಳಿ ಎಳೆಯುತ್ತದೆ. ಮುಚ್ಚಳವಿಲ್ಲದ ಫಿಲ್ಟರ್ ಎಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಲೋಡು ಹೊತ್ತು ನಿಧಾನವಾಗಿ ಏರು ಹತ್ತುವಾಗ 25 ಡಿಗ್ರಿಯ ಬದಲು 55 ಡಿಗ್ರಿಯ ಗಾಳಿ ಒಳಹೋದರೆ ಅದರ ಸಾಂದ್ರತೆ ಶೇ. 9ರಷ್ಟು ಕಡಿಮೆ. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಒಂದಿಷ್ಟನ್ನು ಸರಿದೂಗಿಸುತ್ತದೆ, ನಿಜ. ಆದರೂ ಶೇ. 1ರ ಆಸೆಗೆ ಶೇ. 9ನ್ನು ಪಣಕ್ಕಿಟ್ಟಂತಾಯಿತು.

ಹಾಗಾದರೆ ಹಾಕಿಸಿಕೊಂಡವರು ಗಾಡಿ ಚುರುಕಾಯಿತು ಎನ್ನುವುದೇಕೆ? ಸದ್ದು. ಕಂಪನಿಯ ಪೆಟ್ಟಿಗೆ ಗಾಳಿ ಎಳೆಯುವ ಶಬ್ದವನ್ನೂ ಅಡಗಿಸುತ್ತದೆ. ಅದನ್ನು ತೆಗೆದರೆ ಟರ್ಬೊದ ಸೀಟಿ ಕ್ಯಾಬಿನ್‌ವರೆಗೆ ಕೇಳುತ್ತದೆ. ಆ ಸದ್ದು ಇಷ್ಟವಾಗಿ ಹಾಕಿಸಿದರೆ ನನ್ನ ತಕರಾರಿಲ್ಲ, ಆದರೆ ಅದು ಶಕ್ತಿಯಲ್ಲ.

ನನಗೆ ನಿಜವಾಗಿ ಕಳವಳ ಆಗುವುದು ದೂಳಿನ ಬಗ್ಗೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಕಾಫಿ ಕೊಯ್ಲಿನ ಕಾಲದಲ್ಲಿ, ತೋಟದ ಮಣ್ಣುದಾರಿಯಲ್ಲಿ ಮುಂದಿನ ಗಾಡಿ ಎಬ್ಬಿಸಿದ ಕೆಂಪು ದೂಳನ್ನು ಹಿಂದಿನ ಗಾಡಿ ನುಂಗುತ್ತದೆ. 2.2 ಲೀಟರ್‌ನ ಟರ್ಬೊ ಎಂಜಿನ್ ಭಾರ ಎಳೆಯುವಾಗ ನಿಮಿಷಕ್ಕೆ 5,000 ಲೀಟರ್‌ನಷ್ಟು ಗಾಳಿ ಬೇಡುತ್ತದೆ. ದೂಳಿನಲ್ಲಿರುವ ಸ್ಫಟಿಕದ ಕಣಗಳು ಸಾಧಾರಣ ಉಕ್ಕಿಗಿಂತ ಗಟ್ಟಿ. ಅವು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊದ ಅಲ್ಯೂಮಿನಿಯಂ ಅಲಗುಗಳನ್ನು ಸವೆಸುತ್ತವೆ, ಆಮೇಲೆ ಪಿಸ್ಟನ್ ರಿಂಗ್‌ಗಳನ್ನು. ಗಾಳಿ ಸಲೀಸಾಗಿ ಹರಿಯುವಂತೆ ಮಾಡಿದ ಫಿಲ್ಟರ್ ನುಣ್ಣನೆಯ ದೂಳನ್ನು ಪೇಪರ್‌ನಷ್ಟು ಚೆನ್ನಾಗಿ ಹಿಡಿಯುವುದು ಕಷ್ಟ. ಹತ್ತಿಯ ಫಿಲ್ಟರ್‌ಗೆ ಎಣ್ಣೆ ಜಾಸ್ತಿಯಾದರೆ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್ ಮೇಲೆ ಅದು ಕೂರುತ್ತದೆ. ಬಿಎಸ್6 ಮಾಲಿನ್ಯ ನಿಯಮಕ್ಕೆ ತಕ್ಕಂತೆ ಮಾಡಿದ ಗಾಡಿಗಳಲ್ಲಿ ಹೊಗೆ ನಿಯಂತ್ರಣದ ಲೆಕ್ಕವೇ ತಪ್ಪಬಹುದು.

ಪೇಪರ್ ಫಿಲ್ಟರ್ ವಿಷಯದಲ್ಲೂ ಒಂದು ಮಾತು. ಸ್ವಲ್ಪ ದೂಳು ಕೂತ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಕೂತ ದೂಳೇ ಇನ್ನಷ್ಟು ದೂಳು ಹಿಡಿಯುತ್ತದೆ. ವಾರವಾರ ಬಿಚ್ಚಿ ಕಂಪ್ರೆಸರ್ ಗಾಳಿ ಹೊಡೆಸಿದರೆ ಕಾಗದ ಹರಿಯುವ, ಅಂಚಿನ ರಬ್ಬರ್ ಸಡಿಲಾಗುವ ಅಪಾಯ ಇದೆ. ಕೊಯ್ಲು ಮುಗಿದ ಮೇಲೆ ಹೊಸದೇ ಹಾಕಿಸಿ.

ಮಳೆಗಾಲದ್ದು ಬೇರೆ ಲೆಕ್ಕ. ನೀರು ನಿಂತ ರಸ್ತೆಯಲ್ಲಿ ತಗ್ಗಿನಲ್ಲಿ ಕೂರಿಸಿದ ಫಿಲ್ಟರ್ ನೀರು ಎಳೆದುಕೊಂಡರೆ, ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ, ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗಾಗಿ ಹೊಳೆ ದಾಟುವ ಕೆಲಸ ನಿಜವಾಗಿ ಇರುವವರಿಗೆ ಸ್ನಾರ್ಕೆಲ್ (ಗಾಡಿಯ ಚಾವಣಿ ಎತ್ತರದಿಂದ ಗಾಳಿ ಎಳೆಯುವ ಕೊಳವೆ) ಉಪಯೋಗಕ್ಕೆ ಬರುತ್ತದೆ, ಜೋಡಣೆಗಳಲ್ಲಿ ಒಂದಿಷ್ಟೂ ಸೋರದಂತೆ ಕೂರಿಸಿದ್ದರೆ.

ದೊಡ್ಡ ಟರ್ಬೊ ಹಾಕಿ, ಇಸಿಯು ಬದಲಿಸಿ, ಡೀಸೆಲ್ ಹೆಚ್ಚಿಸಿದ ಗಾಡಿಗೆ ದೊಡ್ಡ ಇಂಟೇಕ್ ಬೇಕಾಗಬಹುದು. ತೋಟದ ಪಿಕಪ್ ಅಂಥದ್ದಲ್ಲ. ಅದರ ಎಳೆತ ಕುಗ್ಗಿದೆ ಅನ್ನಿಸಿದರೆ ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್ ಮತ್ತು ಅದರ ಕ್ಲಿಪ್ಪುಗಳನ್ನು ಮೊದಲು ನೋಡಿಸಿ. ಅಲ್ಲಿ ಬಿರುಕು ಬಿಟ್ಟಿದ್ದರೆ ಏರಿನಲ್ಲಿ ಕಪ್ಪು ಹೊಗೆ ಬರುತ್ತದೆ, ಹೋಸ್ ಸುತ್ತ ಎಣ್ಣೆಯ ಪಸೆ ಕಾಣುತ್ತದೆ. ಆ ಹೋಸ್ ಬದಲಿಸಿದರೆ ಕಳೆದುಹೋದ ಎಳೆತ ಅವತ್ತೇ ವಾಪಸು ಬರುತ್ತದೆ.