ಮಗನ ಪಾಲನ್ನೂ ಮಗಳ ಹೆಸರಿಗೇ ಬರೆದುಬಿಡೋಣವಾ?

ಪ್ರಶ್ನೆ: ನಮ್ಮ ಮಗನಿಗೆ 34 ವರ್ಷ. ಬುದ್ಧಿಮಾಂದ್ಯತೆ ಇದೆ, ಸಹಿ ಹಾಕಲು ಬರುವುದಿಲ್ಲ. ಯಜಮಾನರು ಅಂಚೆ ಇಲಾಖೆಯಿಂದ ನಿವೃತ್ತರು. ಒಂದು ಮನೆ, ಒಂದೂವರೆ ಎಕರೆ ಅಡಿಕೆ ತೋಟ, ಸ್ವಲ್ಪ ಠೇವಣಿ ಇದೆ. ಮದುವೆಯಾದ ಮಗಳಿಗೆ ಅಣ್ಣನ ಮೇಲೆ ಪ್ರಾಣ. ಎಲ್ಲವನ್ನೂ ಅವಳ ಹೆಸರಿಗೆ ಬರೆದು "ಅಣ್ಣನನ್ನು ನೋಡಿಕೋ ಮಗಳೇ" ಅಂದರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ ಅಮ್ಮ. ನಿಮ್ಮ ಮಗಳ ಮೇಲೆ ಅನುಮಾನಪಟ್ಟು ಹೇಳುತ್ತಿಲ್ಲ. ಅವಳು ನೋಡಿಕೊಳ್ಳುತ್ತಾಳೆ ಅಂತಲೇ ಇಟ್ಟುಕೊಳ್ಳಿ. ಆದರೆ ಅವಳಿಗೇ ಏನಾದರೂ ಆದರೆ? ಉಯಿಲು ಬರೆಯದೆ ಅವಳು ಹೋದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಆ ಆಸ್ತಿ ಅವಳ ಗಂಡ, ಮಕ್ಕಳಿಗೆ ಹೋಗುತ್ತದೆ. ಅಣ್ಣನಿಗೆ ಒಂದು ಅಡಿಯೂ ಬರುವುದಿಲ್ಲ. ಅವಳು ಗಂಡನ ಸಾಲಕ್ಕೆ ಜಾಮೀನು ಹಾಕಿದ್ದರೆ ತೋಟಕ್ಕೂ ಕುತ್ತು. ನೀವು ಬಾಯಲ್ಲಿ ಹೇಳಿದ "ನೋಡಿಕೋ" ಅನ್ನುವ ಮಾತು ಪಹಣಿಯಲ್ಲಿ ಇರುವುದಿಲ್ಲ.

ಹಾಗಂತ ನೇರವಾಗಿ ಮಗನ ಹೆಸರಿಗೆ ಬರೆದರೂ ಕಷ್ಟ. ಅಂಗವೈಕಲ್ಯ ಇದೆ ಅಂತ ಕಾನೂನು ಯಾರ ಪಾಲನ್ನೂ ತಪ್ಪಿಸುವುದಿಲ್ಲ, ಅದು ಅವನ ಹಕ್ಕು. ಆದರೆ ಸಹಿ ಹಾಕಲಾಗದವನ ಹೆಸರಿನ ತೋಟವನ್ನು ಆಸ್ಪತ್ರೆ ಖರ್ಚಿಗೆ ಮಾರುವುದಕ್ಕೂ ಆಗದೆ ಎಲ್ಲ ನಿಂತುಹೋಗುತ್ತದೆ.

ಇದಕ್ಕೆ ಹಲವರು ಹಿಡಿಯುವ ದಾರಿ ಖಾಸಗಿ ಟ್ರಸ್ಟ್. ಹೆಸರು ಕೇಳಿದರೆ ದೊಡ್ಡವರ ವ್ಯವಹಾರ ಅನ್ನಿಸುತ್ತದೆ, ಆದರೆ ಹಾಗೇನಿಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಯಾರು ಬೇಕಾದರೂ ಮಾಡಬಹುದು, ಉಯಿಲಿನಲ್ಲೇ ಬರೆದಿಡಲೂಬಹುದು. ಆಸ್ತಿಯನ್ನು ಟ್ರಸ್ಟಿಗಳು ನೋಡಿಕೊಳ್ಳುತ್ತಾರೆ, ಅದರ ಫಲ ಮಗನಿಗೆ. ಅವನ ಊಟ, ಔಷಧಿ, ಆರೈಕೆ ಮಾಡುವವರ ಸಂಬಳ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬಾರದು ಅಂತ ಬರೆಯಬಹುದು. ಟ್ರಸ್ಟಿ ಒಬ್ಬರೇ ಬೇಡ. ಮಗಳು, ನಿಮ್ಮ ಕಡೆಯ ಒಬ್ಬರು, ಜೊತೆಗೆ ಸಂಬಂಧಿಕರಲ್ಲದ ಒಬ್ಬರು ಇರಲಿ. ಮಗನ ಕಾಲದ ನಂತರ ಉಳಿದದ್ದು ಯಾರಿಗೆ ಅನ್ನುವುದನ್ನೂ ಬರೆಯಿರಿ. ಅವನು ಮುಂದೆ ಇರಬಹುದಾದ ಸಂಸ್ಥೆಗೇ ಅದನ್ನು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಅವನು ಹೆಚ್ಚು ವರ್ಷ ಬಾಳಿದಷ್ಟೂ ತಮಗೆ ಕಡಿಮೆ ಸಿಗುತ್ತದೆ ಅನ್ನುವ ಸ್ಥಿತಿಯಲ್ಲಿ ಅವನನ್ನು ನೋಡಿಕೊಳ್ಳುವವರು ಇರಬಾರದು.

ತೋಟ ಪಿತ್ರಾರ್ಜಿತವಾಗಿದ್ದರೆ ಯಜಮಾನರು ತಮ್ಮ ಪಾಲಿಗೆ ಮಾತ್ರ ಉಯಿಲು ಬರೆಯಬಹುದು. ವಕೀಲರ ಹತ್ತಿರ ಹೋದಾಗ ಮೊದಲು ಇದನ್ನೇ ಕೇಳಿ.

ಬ್ಯಾಂಕಿನಲ್ಲಿ ಮಗಳನ್ನು ನಾಮಿನಿ ಮಾಡಿದ್ದೇವೆ, ಹಣ ಅವಳದೇ ಆಯಿತು ಅಂತ ಎಷ್ಟೋ ಜನ ತಿಳಿದಿದ್ದಾರೆ. ನಾಮಿನಿ ಹಣ ಪಡೆದುಕೊಳ್ಳುತ್ತಾರೆ ಅಷ್ಟೇ, ಅದು ಸೇರಬೇಕಾದ್ದು ವಾರಸುದಾರರಿಗೆ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿತು. ಹಾಗಾಗಿ ಉಯಿಲು ಬೇಕೇ ಬೇಕು.

ಇನ್ನು ಗಾರ್ಡಿಯನ್ ವಿಷಯ. ಮಗನಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ನೀವು ಅವನ ಗಾರ್ಡಿಯನ್ ಅಲ್ಲ. ಇದು ಬಹಳ ತಂದೆತಾಯಿಗಳಿಗೆ ಗೊತ್ತೇ ಇರುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ (ನ್ಯಾಷನಲ್ ಟ್ರಸ್ಟ್ ಅಂದರೆ ಇದೇ) ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಅನ್ವಯಿಸುತ್ತದೆ. ಡಿಸಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ಗಾರ್ಡಿಯನ್‌ರನ್ನು ನೇಮಿಸುತ್ತದೆ. ಜಿಲ್ಲಾ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ಪಂಚಾಯ್ತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರೂ ದಾರಿ ತೋರಿಸುತ್ತಾರೆ. ಆಸ್ತಿ ನೋಡಿಕೊಳ್ಳುವ ಗಾರ್ಡಿಯನ್ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಅವರು ಅವನನ್ನು ಕಡೆಗಣಿಸಿದರೆ, ಹಣ ನುಂಗಿದರೆ, ತೆಗೆಸಲು ಸಂಬಂಧಿಕರು ಅರ್ಜಿ ಹಾಕಬಹುದು. ನೀವಿರುವಾಗಲೇ ಈ ಕೆಲಸ ಮುಗಿಸಿ. ನಿಮ್ಮ ನಂತರ ಯಾರು ಬರಲಿ ಅನ್ನುವ ಇಷ್ಟವನ್ನು ಉಯಿಲಿನಲ್ಲಿ ಬರೆದಿಡಿ.

ಯಜಮಾನರ ಪಿಂಚಣಿಯನ್ನು ಮರೆಯಬೇಡಿ. ದುಡಿದು ಬದುಕಲಾಗದ ಮಗನಿಗೆ, ನಿಮ್ಮಿಬ್ಬರ ನಂತರ, ಬದುಕಿರುವವರೆಗೂ ಕುಟುಂಬ ಪಿಂಚಣಿ ಬರುತ್ತದೆ. ಅವನ ಹೆಸರನ್ನು ಈಗಲೇ ಪಿಪಿಒಗೆ (ಪಿಂಚಣಿ ಪಾವತಿ ಆದೇಶಕ್ಕೆ) ಸೇರಿಸಲು ಯಜಮಾನರು ಅರ್ಜಿ ಕೊಡಬಹುದು. ನೀವು ಹೋದಮೇಲೆ ಮಗಳು ಇದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಒಂದು ಎಚ್ಚರಿಕೆ: ಅವನ ಬೇರೆ ಆದಾಯ, ಅವನಿಗೆ ಬರಬೇಕಾದ ಪಿಂಚಣಿ (ಯಜಮಾನರ ಕೊನೆಯ ಸಂಬಳದ ಶೇ. 30) ಮತ್ತು ಅದರ ಮೇಲಿನ ತುಟ್ಟಿಭತ್ಯೆ ಸೇರಿದ ಮೊತ್ತಕ್ಕಿಂತ ಕಡಿಮೆ ಇರಬೇಕು. ಆದ್ದರಿಂದ ಠೇವಣಿಗಳನ್ನೆಲ್ಲ ಸುಮ್ನೆ ಅವನ ಹೆಸರಿಗೆ ಹಾಕಬೇಡಿ. ಟ್ರಸ್ಟ್ ಪತ್ರ ಬರೆಸುವಾಗಲೂ ವಕೀಲರಿಗೆ ಈ ಮಿತಿ ತಿಳಿಸಿ.

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಮಾಡಿಸಿ. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆಗೂ ಸೇರಿಸಿ, 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ.

ಕಾಗದಪತ್ರ ಇಷ್ಟು. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಬೇರೆ. ನಮ್ಮ ಚಿಕ್ಕಪ್ಪನೂ ನಿಮ್ಮ ಮಗನ ಹಾಗೇ ಇದ್ದವರು. ಅಜ್ಜಿ ತೀರಿಕೊಂಡ ಮೇಲೆ ಮೂರು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ದುಃಖ ಅಂದುಕೊಂಡೆವು. ದುಃಖವೂ ಇತ್ತು. ಆದರೆ ಅಜ್ಜಿ ಅನ್ನದ ನಡುವೆ ಗುಂಡಿ ಮಾಡಿ ಅದಕ್ಕೆ ಸಾರು ಬಡಿಸುತ್ತಿದ್ದರು. ನಾವು ಅನ್ನದ ಮೇಲೆಲ್ಲ ಸುರಿಯುತ್ತಿದ್ದೆವು. ನಾಲ್ಕನೇ ದಿನ ಅತ್ತೆಗೆ ಅದು ನೆನಪಾಯಿತು. ಗುಂಡಿ ಮಾಡಿ ಬಡಿಸಿದರು. ಚಿಕ್ಕಪ್ಪ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ಮಗ ಎಷ್ಟಕ್ಕೆ ಏಳುತ್ತಾನೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಹೊಟ್ಟೆನೋವು ಬಂದರೆ ಹೇಗೆ ತೋರಿಸುತ್ತಾನೆ, ಯಾವ ಸದ್ದಿಗೆ ಹೆದರುತ್ತಾನೆ, ಕೋಪ ಬಂದಾಗ ಏನು ಮಾಡಿದರೆ ಸಮಾಧಾನ ಆಗುತ್ತಾನೆ. ನಿಮಗೆ ಇದೆಲ್ಲ ಕೈಗೆ ರೂಢಿಯಾಗಿರುವುದರಿಂದ ಬರೆಯುವಂಥದ್ದು ಅಂತಲೇ ಅನ್ನಿಸುವುದಿಲ್ಲ. ನೀವು ಹೇಳಿ, ಮಗಳು ಬರೆದುಕೊಳ್ಳಲಿ.

ನಿಮ್ಮನ್ನು ಬಿಟ್ಟಿರುವುದನ್ನೂ ಈಗಲೇ ಅಭ್ಯಾಸ ಮಾಡಿಸಿ. ಮೊದಲು ಮಗಳ ಮನೆಯಲ್ಲಿ ಎರಡು ರಾತ್ರಿ, ಆಮೇಲೆ ಒಂದು ವಾರ. ಮುಂದೆ ಸಂಸ್ಥೆಯಲ್ಲಿ ಇರಿಸುವ ಯೋಚನೆ ಇದ್ದರೆ, ರಾಷ್ಟ್ರೀಯ ನ್ಯಾಸದ ಸಮರ್ಥ್-ಘರೌಂದಾ ವಸತಿ ಯೋಜನೆಯ ಮನೆಗಳನ್ನೋ ಬೇರೆ ಕಡೆಯನ್ನೋ ನೋಡಲು ಹೋದಾಗ ಅವನನ್ನೂ ಕರೆದುಕೊಂಡು ಹೋಗಿ. ಊಟದ ಹೊತ್ತಿಗೆ ಹೋಗಿ. ಅಲ್ಲಿರುವವರನ್ನು ಹೇಗೆ ಮಾತಾಡಿಸುತ್ತಾರೆ ಅಂತ ಆಗ ಗೊತ್ತಾಗುತ್ತದೆ.

ಮಗಳನ್ನು ಕೇಳಿದಿರಾ ಅಂತ ನಿಮ್ಮ ಪತ್ರದಲ್ಲಿ ಇರಲಿಲ್ಲ. ಅವಳು ಮುಂದಿನ ಸಲ ಊರಿಗೆ ಬಂದಾಗ ಎಲ್ಲರೂ ಕೂತು ಮಾತಾಡಿ. ಏನು ಮಾಡಬಲ್ಲೆ, ಏನು ಆಗುವುದಿಲ್ಲ ಅನ್ನುವುದನ್ನು ಅವಳು ಅಂಜಿಕೆಯಿಲ್ಲದೆ ಹೇಳುವ ಹಾಗಿರಲಿ. "ಹಣದ ಲೆಕ್ಕ ನಾನು ನೋಡ್ತೀನಿ, ಜೊತೆಗಿಟ್ಟುಕೊಳ್ಳೋಕೆ ಆಗಲ್ಲ" ಅಂದರೆ ಬೇಸರ ಮಾಡಿಕೊಳ್ಳಬೇಡಿ. ಅವಳು ಹೇಳಿದ್ದರ ಮೇಲೆಯೇ ಉಯಿಲು ಬರೆಸಿ. ಮಾತಾಡುವಾಗ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರ ಜೊತೆ ಇರಲು ಇಷ್ಟ ಅಂತ ಅವನನ್ನೂ ಕೇಳಿ.